ಮಧ್ಯಾಹ್ನದ ಪಾಳಿಗೆ ಐಪಿ ಸಿಕ್ಕಿದ್ದು

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಕಾಕಾ ಒಂದು ರೀಡಿಂಗ್ ರೂಮ್ ನಡೆಸುತ್ತಾರೆ. ಕೆಳಗೆ ನಲವತ್ತು ಸೀಟು, ಮೇಲಿನ ಸಣ್ಣ ಕೋಣೆಯಲ್ಲಿ ಹನ್ನೆರಡು. ಬೆಳಿಗ್ಗೆ ಆರರಿಂದ ಎರಡರವರೆಗೆ ಒಂದು ಪಾಳಿ, ಎರಡರಿಂದ ರಾತ್ರಿ ಹತ್ತರವರೆಗೆ ಇನ್ನೊಂದು. ಬರುವವರೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ ಕಡೆಯ ಹಳ್ಳಿಗಳಿಂದ ಬಂದು ಪಿಜಿಗಳಲ್ಲಿ ಉಳಿದಿರುತ್ತಾರೆ. ನಾನೂ ಅಲ್ಲೇ ಓದುತ್ತೇನೆ. ಓದಿನ ನಡುವೆ ಸೀಟಿನ ರಜಿಸ್ಟರ್, ಫೀ, ಪ್ರಿಂಟ್ ಕೆಲಸ ನೋಡಿಕೊಳ್ಳುತ್ತೇನೆ. ಬಿಸಿಎ ಮಾಡಿದ್ದೇನೆ ಎಂದು ವೈಫೈ ಜವಾಬ್ದಾರಿಯೂ ನನಗೇ ಬಂತು.

ತಕರಾರು ಶುರುವಾದದ್ದು ಮಧ್ಯಾಹ್ನದ ಪಾಳಿಯಿಂದ. ಎರಡೂವರೆ ಆಗುವಷ್ಟರಲ್ಲಿ ನಾಲ್ಕೈದು ಮಂದಿ ಮೇಜಿನ ಮುಂದೆ ನಿಲ್ಲುತ್ತಿದ್ದರು. "ಅಕ್ಕಾ, ವೈಫೈ ಹತ್ತವಲ್ದು ನೋಡ್ರಿ. ಪಾಸ್‌ವರ್ಡ್ ಸರಿ ಐತಿ ಅಂತದ, ಆದ್ರ ಮುಂದ ಹೋಗವಲ್ದು." ಆನ್‌ಲೈನ್ ಅಣಕು ಪರೀಕ್ಷೆ ಮೂರಕ್ಕೆ ಶುರುವಾಗುತ್ತದೆ. ಸ್ವಂತ ಮೊಬೈಲ್ ಡೇಟಾ ಹಾಕಿ ಬರೆಯಬೇಕೆಂದರೆ ದಿನದ ಡೇಟಾ ಅಲ್ಲೇ ಮುಗಿದುಹೋಗುತ್ತದೆ. ಕಾಕಾ ಎದ್ದು ಹೋಗಿ ರೌಟರ್‌ನ ಬಟನ್ ಆರಿಸಿ ಮತ್ತೆ ಹಚ್ಚುತ್ತಿದ್ದರು. ಎಲ್ಲರಿಗೂ ನೆಟ್ ಬರುತ್ತಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಬೆಳಗಿನ ಪಾಳಿಯವರು ಬಂದು ಅದೇ ಮಾತು ಹೇಳುತ್ತಿದ್ದರು. ಮತ್ತೆ ಆಫ್, ಮತ್ತೆ ಆನ್. ಮಧ್ಯಾಹ್ನ ಮತ್ತೆ ಮಧ್ಯಾಹ್ನದವರು.

ನೆಟ್ ಕಂಪನಿಯ ಹುಡುಗ ಎರಡು ಸಲ ಬಂದು ನೋಡಿದ. ಫೈಬರ್ ಸರಿ ಇದೆ, ಸಿಗ್ನಲ್ ಸರಿ ಇದೆ, ಜನ ಹೆಚ್ಚಾಗಿದ್ದಾರೆ, ಪ್ಲಾನ್ ದೊಡ್ಡದು ಮಾಡಿಸಿ ಅಂದ. ಕಾಕಾ ಮಾಡಿಸಿದರು. ತಿಂಗಳ ಬಿಲ್ ಏರಿತು, ಸ್ಪೀಡೂ ಏರಿತು. ವೈಫೈ ಹತ್ತದವರಿಗೆ ಮಾತ್ರ ಮೊದಲಿನ ಹಾಗೇ ಹತ್ತಲಿಲ್ಲ.

ಇಷ್ಟರಲ್ಲಿ ಒಂದು ಮಾತು ಹರಡಿತ್ತು. ಮಧ್ಯಾಹ್ನದ ಪಾಳಿಗೆ ಫೀ ಕಡಿಮೆ. ಹಾಗಾಗಿ ಕಾಕಾ ಬೇಕಂತಲೇ ಆ ಹೊತ್ತಿಗೆ ನೆಟ್ ಕಟ್ ಮಾಡುತ್ತಾರೆ ಎಂದು. ಇಪ್ಪತ್ತೇಳನೇ ಸೀಟಿನ ಹುಡುಗಿ ನನ್ನೆದುರಿಗೇ ಕೇಳಿದಳು: "ಮ್ಯಾಲಿನ ಕೋಣ್ಯಾಗಿನವರಿಗೆ ಯಾವತ್ತೂ ಬರ್ತದ, ಮುಂಜಾನಿಯವರಿಗೂ ಬರ್ತದ, ನಮಗಷ್ಟೇ ಯಾಕ ಬರೂದಿಲ್ರಿ ಅಕ್ಕಾ? ನಾವೇನು ಪುಕ್ಕಟೆ ಕೂಡ್ತೇವೇನು?" ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅವಳ ಪ್ರಶ್ನೆಯೊಳಗೆ ಮೂರು ಸುಳಿವುಗಳಿದ್ದವು ಎಂಬುದು ನನಗೆ ಹೊಳೆದದ್ದು ರಾತ್ರಿ ಹಾಸಿಗೆಯಲ್ಲಿ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಯಾವಾಗ. ಮರುದಿನದಿಂದ ರಜಿಸ್ಟರ್‌ನ ಹಿಂದಿನ ಪುಟದಲ್ಲಿ ಬರೆಯತೊಡಗಿದೆ: ರೀಸ್ಟಾರ್ಟ್ ಎಷ್ಟು ಗಂಟೆಗೆ ಆಯಿತು, ಆಮೇಲೆ ಯಾವ ಪಾಳಿಯವರು ಬಂದು ದೂರಿದರು. ಆರು ದಿನದಲ್ಲಿ ಪುಟ ತಾನೇ ಮಾತಾಡಿತು. ಬೆಳಿಗ್ಗೆ ರೀಸ್ಟಾರ್ಟ್ ಆದ ದಿನ ಮಧ್ಯಾಹ್ನದವರಿಗೆ ಇಲ್ಲ. ಮಧ್ಯಾಹ್ನ ರೀಸ್ಟಾರ್ಟ್ ಆದರೆ ಮರುದಿನ ಬೆಳಗಿನವರಿಗೆ ಇಲ್ಲ. ಲೈನ್ ಕೆಟ್ಟಿದ್ದರೆ ಹೀಗೆ ಲೆಕ್ಕ ಹಾಕಿದಂತೆ ಪಾಳಿ ಬದಲಿಸಿ ಕೆಡುವುದಿಲ್ಲ.

ನೆಟ್ ಹತ್ತದ ಒಬ್ಬ ಹುಡುಗನ ಲ್ಯಾಪ್‌ಟಾಪ್ ಕೇಳಿ ಪಡೆದೆ. ಕಪ್ಪು ಪರದೆ ತೆರೆದು ಐಪಿಕಾನ್ಫಿಗ್ ಎಂದು ಹೊಡೆದೆ. ಐಪಿ ವಿಳಾಸದ ಜಾಗದಲ್ಲಿ, ಅಂದರೆ ನೆಟ್‌ವರ್ಕಿನೊಳಗೆ ಪ್ರತಿ ಸಲಕರಣೆಯನ್ನು ಗುರುತಿಸುವ ಸಂಖ್ಯೆ ಇರಬೇಕಾದಲ್ಲಿ, 169.254ರಿಂದ ಶುರುವಾಗುವ ಒಂದು ಸಂಖ್ಯೆ ಇತ್ತು. ಹೊರಗಿನ ನೆಟ್‌ಗೆ ಹೋಗುವ ಬಾಗಿಲಾದ ಗೇಟ್‌ವೇ ಇರಬೇಕಾದಲ್ಲಿ ಖಾಲಿ. ನಮ್ಮ ರೌಟರ್ ಕೊಡುವ ವಿಳಾಸಗಳೆಲ್ಲ 192.168.1ರಿಂದ ಶುರುವಾಗುತ್ತವೆ. 169.254 ಯಾರೂ ಕೊಟ್ಟದ್ದಲ್ಲ. ಕೇಳಿ ಕೇಳಿ ಯಾರಿಂದಲೂ ಉತ್ತರ ಬರದೇ ಇದ್ದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಅಂದರೆ ವೈಫೈ ಕೂಡಿದೆ, ಪಾಸ್‌ವರ್ಡ್ ಒಪ್ಪಿಗೆಯಾಗಿದೆ, ಆದರೆ ಐಪಿ ಕೊಡಬೇಕಾದವರು ಕೊಟ್ಟಿಲ್ಲ. ಫೋನುಗಳಲ್ಲಿ ಇದೇ ಸಂಗತಿ "ಅಬ್ಟೇನಿಂಗ್ ಐಪಿ ಅಡ್ರೆಸ್" ಎಂದು ತಿರುಗುತ್ತ ನಿಲ್ಲುತ್ತಿತ್ತು. ಎಷ್ಟೋ ದಿನದಿಂದ ಆ ಸಾಲು ಎಲ್ಲರ ಕಣ್ಣೆದುರಿಗೇ ಇತ್ತು. ನಾವು ಯಾರೂ ಅದನ್ನು ಓದಿರಲಿಲ್ಲ.

ಐಪಿ ಕೊಡುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಕಾಲೇಜಿನಲ್ಲಿ ಐದು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದೆ: ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್. ಹೊಸದಾಗಿ ಬಂದ ಫೋನು "ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ" ಎಂದು ಇಡೀ ನೆಟ್‌ವರ್ಕಿಗೆ ಕೇಳಿಸುವಂತೆ ಕೂಗುತ್ತದೆ. ರೌಟರ್ "ಇಗೋ ಇದನ್ನು ತಗೋ" ಎನ್ನುತ್ತದೆ. ಫೋನು "ಅದೇ ಇರಲಿ" ಎನ್ನುತ್ತದೆ. ರೌಟರ್ "ಬರೆದುಕೊಂಡೆ, ಇಷ್ಟು ಹೊತ್ತು ನಿನ್ನದು" ಎನ್ನುತ್ತದೆ. ಆ ಕೊನೆಯ "ಇಷ್ಟು ಹೊತ್ತು" ಎಂಬುದರ ತೂಕ ನನಗೆ ಪರೀಕ್ಷೆ ಬರೆದಾಗ ಗೊತ್ತಿರಲಿಲ್ಲ. ಅದಕ್ಕೆ ಲೀಸ್ ಎಂದು ಹೆಸರು.

ರಾತ್ರಿ ಹತ್ತರ ಮೇಲೆ, ಎಲ್ಲರೂ ಹೋದ ನಂತರ, ರೌಟರ್‌ನ ಪುಟ ತೆರೆದೆ. ಬ್ರೌಸರ್‌ನಲ್ಲಿ 192.168.1.1. ಹೆಸರು, ಪಾಸ್‌ವರ್ಡ್ ಡಬ್ಬಿಯ ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲೇ ಇತ್ತು. ಏನನ್ನೂ ಮುಟ್ಟುವ ಮೊದಲು ಪ್ರತಿ ಪುಟದ ಫೋಟೋ ತೆಗೆದುಕೊಂಡೆ. ಈ ಅಭ್ಯಾಸ ಆಮೇಲೆ ನನ್ನನ್ನು ಎರಡು ಸಲ ಕಾಪಾಡಿತು. ಲ್ಯಾನ್ ಎಂಬ ಭಾಗದ ಒಳಗೆ ಡಿಎಚ್‌ಸಿಪಿ ಸರ್ವರ್ ಎಂಬ ಪುಟ. ಅಲ್ಲಿ ಮೂರೇ ಸಾಲು ಮುಖ್ಯ. ಆರಂಭದ ವಿಳಾಸ 192.168.1.100. ಕೊನೆಯ ವಿಳಾಸ 192.168.1.149. ಲೀಸ್ ಸಮಯ 86400 ಸೆಕೆಂಡು.

ಪೆನ್ನು ತಗೊಂಡೆ. ನೂರರಿಂದ ನೂರಾ ನಲವತ್ತೊಂಬತ್ತರವರೆಗೆ ಐವತ್ತು ವಿಳಾಸ. 86400 ಸೆಕೆಂಡು ಎಂದರೆ ಸರಿಯಾಗಿ ಇಪ್ಪತ್ನಾಲ್ಕು ಗಂಟೆ. ನನ್ನ ರಜಿಸ್ಟರ್ ಪ್ರಕಾರ ಕೆಳಗಿನ ಹಾಲ್‌ನಲ್ಲಿ ಬೆಳಗಿನ ಪಾಳಿಗೆ ಮೂವತ್ತಾರು ಮಂದಿ, ಎಂಟು ಜನರ ಬಳಿ ಲ್ಯಾಪ್‌ಟಾಪ್: ನಲವತ್ನಾಲ್ಕು. ಮಧ್ಯಾಹ್ನ ಮೂವತ್ಮೂರು ಮಂದಿ, ಆರು ಲ್ಯಾಪ್‌ಟಾಪ್: ಮೂವತ್ತೊಂಬತ್ತು. ಆಫೀಸಿನ ಕಂಪ್ಯೂಟರ್, ಕಾಕಾನ ಫೋನು, ನನ್ನ ಫೋನು ಮೂರು. ಒಟ್ಟು ಎಂಬತ್ತಾರು. ಇರುವುದು ಐವತ್ತು.

ಆರು ಗಂಟೆಗೆ ಬಂದ ಹುಡುಗ ಎರಡಕ್ಕೆ ಎದ್ದು ಪಿಜಿಗೆ ಹೋದರೂ ಅವನ ಫೋನಿನ ಹೆಸರಿನಲ್ಲಿ ಬರೆದ ವಿಳಾಸ ಮರುದಿನ ಬೆಳಿಗ್ಗೆ ಆರರವರೆಗೆ ಅವನದೇ. ರೌಟರ್‌ಗೆ ಅವನು ಹೋದದ್ದು ಗೊತ್ತಿಲ್ಲ. ಫೋನು ವೈಫೈ ವ್ಯಾಪ್ತಿಯಿಂದ ಹೊರಗೆ ಹೋಗುವಾಗ "ನಾನು ಬಿಟ್ಟೆ" ಎಂದು ಹೇಳಿ ಹೋಗುವುದಿಲ್ಲ. ಕ್ಲೈಂಟ್ ಲಿಸ್ಟ್ ಎಂಬ ಇನ್ನೊಂದು ಪುಟ ತೆರೆದಾಗ ಅದು ಕಣ್ಣಿಗೇ ಕಂಡಿತು. ಹಾಲ್ ಖಾಲಿ, ಲೈಟೂ ಅರ್ಧ ಆರಿಸಿದ್ದೆ, ಕುರ್ಚಿಗಳೆಲ್ಲ ಮೇಜಿನೊಳಗೆ. ಪರದೆಯ ಮೇಲೆ ಮಾತ್ರ ಐವತ್ತು ಸಾಲು ತುಂಬಿ ನಿಂತಿತ್ತು: ರೆಡ್ಮಿ, ರಿಯಲ್‌ಮಿ, ಗ್ಯಾಲಕ್ಸಿ, ವಿವೋ, ಡೆಸ್ಕ್‌ಟಾಪ್, ಮತ್ತೆ ರೆಡ್ಮಿ. ಪ್ರತಿ ಸಾಲಿನ ಎದುರಿಗೆ ಉಳಿದ ಸಮಯ. 30,000 ಚಿಲ್ಲರೆ, 31,000 ಚಿಲ್ಲರೆ ಸೆಕೆಂಡು. ಅಂದು ಮಧ್ಯಾಹ್ನ ರೀಸ್ಟಾರ್ಟ್ ಆಗಿರಲಿಲ್ಲ; ಹೆಚ್ಚಿನವು ಬೆಳಗಿನ ಪಾಳಿಯವರವು. ಮಧ್ಯಾಹ್ನ ಬಂದ ಮೂವತ್ತೊಂಬತ್ತಕ್ಕೆ ಉಳಿದಿದ್ದದ್ದು ಮೂರು ಸಾಲು.

ಮೇಲಿನ ಕೋಣೆಯವರಿಗೆ ಯಾಕೆ ಯಾವತ್ತೂ ಬರುತ್ತಿತ್ತು ಎಂಬುದೂ ಅಲ್ಲೇ ತಿಳಿಯಿತು. ಮೇಲೆ ಹಳೆಯ ಇನ್ನೊಂದು ರೌಟರ್ ಇದೆ. ಅದು ಇಲ್ಲಿಂದ ಒಂದೇ ವಿಳಾಸ ತಗೊಂಡು, ತನ್ನ ಹಿಂದೆ ಕೂತವರಿಗೆ 192.168.0ರ ಸಾಲಿನಿಂದ ತಾನೇ ಹಂಚುತ್ತಿತ್ತು. ಮುಂಜಾನೆ ಎಲ್ಲಕ್ಕಿಂತ ಮೊದಲು ಕಾಕಾ ಬಂದು ಮೇಲಿನ ಸ್ವಿಚ್ ಹಚ್ಚುವುದರಿಂದ ಅದರ ಒಂದು ವಿಳಾಸ ಯಾವಾಗಲೂ ಖಾತ್ರಿ. ಮಧ್ಯಾಹ್ನದವರಿಗೆ ಉಳಿದ ಆ ಮೂರರ ಪೈಕಿ ಒಂದನ್ನು ಅದೂ ತಿನ್ನುತ್ತಿತ್ತು. ಅಂದರೆ ಮಧ್ಯಾಹ್ನಕ್ಕೆ ನಿಜವಾಗಿ ಉಳಿಯುತ್ತಿದ್ದದ್ದು ಎರಡೇ.

ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ನಮ್ಮ ರೌಟರ್ ಈ ಪಟ್ಟಿಯನ್ನು ನೆನಪಿನಲ್ಲಷ್ಟೇ ಇಟ್ಟುಕೊಳ್ಳುತ್ತದೆ. ಕರೆಂಟ್ ಹೋದರೆ ಪಟ್ಟಿ ಖಾಲಿ. ಆಗ ಯಾರು ಹಾಲ್‌ನಲ್ಲಿ ಕೂತಿದ್ದಾರೋ ಅವರಿಗೆಲ್ಲ ಸಿಗುತ್ತದೆ, ಮುಂದಿನ ಪಾಳಿಗೆ ಬಾಗಿಲು ಮುಚ್ಚುತ್ತದೆ.

ಮರುದಿನ ಕಾಕಾನಿಗೆ ಹೇಳುವಾಗ ಲೀಸ್ ಎಂಬ ಶಬ್ದಕ್ಕೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅವರೇ ಹೇಳಿದರು: "ಹೊಲಾ ಲಾವಣಿ ಹಾಕಿದಂಗ ಅನ್ನು. ಬಿತ್ತಲಿ ಬಿಡಲಿ, ವರ್ಷ ಮುಗಿಯೂತನಕ ಅವಂದ. ಬ್ಯಾರೇದವ್ರಿಗೆ ಕೊಡಾಕ ಬರೂದಿಲ್ಲ." ಇದಕ್ಕಿಂತ ಚೆನ್ನಾಗಿ ನನಗೆ ಹೇಳಲಾಗುತ್ತಿರಲಿಲ್ಲ. ಆಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗೂರು ನಾ ಕಟ್ ಮಾಡ್ತೇನಿ ಅಂತ ತಿಳಕೊಂಡಿದ್ರಲ್ಲವಾ" ಅಂದರು. ಆ ಮಾತು ಅವರಿಗೆ ಎಷ್ಟು ನೋವು ಮಾಡಿತ್ತೆಂದು ನನಗೆ ಗೊತ್ತಾದದ್ದು ಆಗ.

ಅಂದು ರಾತ್ರಿ ಬದಲಾವಣೆ ಮಾಡಿದೆ, ಮತ್ತು ತಪ್ಪು ಮಾಡಿದೆ. ಕೊರತೆ ಎಂದು ಗೊತ್ತಾದ ಮೇಲೆ ಮನುಷ್ಯ ಇದ್ದದ್ದನ್ನೆಲ್ಲ ಸುರಿಯುತ್ತಾನೆ. ಕೊನೆಯ ಅಂಕಿ 1 ರೌಟರ್‌ನದು, 255 ಎಲ್ಲರಿಗೂ ಕೂಗುವುದಕ್ಕೆ ಮೀಸಲು, 0 ಇಡೀ ಸಾಲಿನ ಹೆಸರು. ಉಳಿದದ್ದು 2ರಿಂದ 254. ಆರಂಭ 2, ಕೊನೆ 254 ಎಂದು ಹಾಕಿ ಸೇವ್ ಒತ್ತಿದೆ. ಲೀಸ್ ಸಮಯ 14400, ಅಂದರೆ ನಾಲ್ಕು ಗಂಟೆ.

ಎರಡು ದಿನ ಯಾರೂ ಮೇಜಿನ ಬಳಿ ಬರಲಿಲ್ಲ. ಮೂರನೇ ದಿನ ಒಂದು ನೇಮಕಾತಿಯ ಅರ್ಜಿಗೆ ಕೊನೆಯ ದಿನ. ಹನ್ನೊಂದು ಗಂಟೆಗೆ ಪ್ರಿಂಟ್‌ಗಾಗಿ ಒಂಬತ್ತು ಮಂದಿ ಸಾಲಿನಲ್ಲಿದ್ದರು, ಪ್ರಿಂಟರ್ ಕಾಗದ ಎಳೆಯಲಿಲ್ಲ. ಕಂಪ್ಯೂಟರ್ ಕಳಿಸಿದೆ ಎನ್ನುತ್ತಿತ್ತು, ಪ್ರಿಂಟರ್ ಬಂದಿಲ್ಲ ಎನ್ನುತ್ತಿತ್ತು. ವೈರ್ ಕಿತ್ತು ಹಾಕಿದೆ, ಟೋನರ್ ನೋಡಿದೆ. ಕೊನೆಗೆ ಪ್ರಿಂಟರ್‌ನ ವಿಳಾಸ 192.168.1.20ಕ್ಕೆ ಪಿಂಗ್ ಹೊಡೆದೆ, ಅಂದರೆ ಅಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಿದೆ. ಉತ್ತರ ಬಂತು. ಪ್ರಿಂಟರ್‌ನ ನೆಟ್ ವೈರನ್ನು ಕೈಯಲ್ಲಿ ಹಿಡಿದುಕೊಂಡೇ ಮತ್ತೊಮ್ಮೆ ಹೊಡೆದೆ. ಆಗಲೂ ಉತ್ತರ ಬಂತು. ವೈರ್ ನನ್ನ ಕೈಯಲ್ಲಿದೆ, ಪ್ರಿಂಟರ್ ಎಲ್ಲಿಗೂ ಕೂಡಿಲ್ಲ, ಆದರೂ ಇಪ್ಪತ್ತನೇ ವಿಳಾಸದಿಂದ ಯಾರೋ ಉತ್ತರ ಕೊಡುತ್ತಿದ್ದಾರೆ. ಬೆನ್ನು ತಣ್ಣಗಾಯಿತು.

ಆ ವಿಳಾಸದ ಹಿಂದಿರುವ ಮ್ಯಾಕ್ ಅಡ್ರೆಸ್, ಅಂದರೆ ಸಲಕರಣೆ ನೆಟ್‌ವರ್ಕಿಗೆ ತೋರಿಸುವ ತನ್ನ ಗುರುತಿನ ಸಂಖ್ಯೆ, ನೋಡಿದೆ. ಶುರುವಿನ ಎರಡು ಅಕ್ಷರ ಡಿ, ಎ. ಎರಡನೆಯ ಅಕ್ಷರ 2, 6, ಎ, ಇ ಈ ನಾಲ್ಕರಲ್ಲಿ ಒಂದಾದರೆ ಅದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಕೊಟ್ಟ ಮ್ಯಾಕ್ ಅಲ್ಲ, ಫೋನು ತಾನೇ ಸೃಷ್ಟಿಸಿಕೊಂಡದ್ದು. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಓಎಸ್ 14ರಿಂದ ಈಚೆಗೆ ಫೋನುಗಳು ಹೀಗೆ ಪ್ರತಿ ವೈಫೈಗೂ ಬೇರೆ ಬೇರೆ ಮ್ಯಾಕ್ ತೋರಿಸುತ್ತವೆ, ಯಾರೂ ಬೆನ್ನುಹತ್ತಿ ಗುರುತಿಸಬಾರದೆಂದು. ಅಂದರೆ ನಮ್ಮ ಪ್ರಿಂಟರ್‌ನ ವಿಳಾಸ ಯಾರದೋ ಫೋನಿನಲ್ಲಿತ್ತು.

ನಡೆದದ್ದು ಇಷ್ಟು. ಪ್ರಿಂಟರ್‌ಗೆ 20, ಕ್ಯಾಮೆರಾ ಪೆಟ್ಟಿಗೆಗೆ 64 ಎಂದು ಹಿಂದೆ ಯಾರೋ ಅವುಗಳ ಒಳಗೇ ಕೈಯಿಂದ ಬರೆದಿಟ್ಟಿದ್ದರು. ಹಳೆಯ ಹಂಚಿಕೆ ನೂರರಿಂದ ಶುರುವಾಗುತ್ತಿದ್ದರಿಂದ ಅವಕ್ಕೆ ಧಕ್ಕೆ ಇರಲಿಲ್ಲ. ನಾನು ಎರಡರಿಂದ ಹಂಚಲು ಹೇಳಿದೆ. ನಮ್ಮ ರೌಟರ್ ಒಂದು ವಿಳಾಸ ಕೊಡುವ ಮೊದಲು ಪಿಂಗ್ ಮಾಡಿ ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತದೆ. ಕ್ಯಾಮೆರಾ ಹಗಲು ರಾತ್ರಿ ಎಚ್ಚರ ಇರುವುದರಿಂದ ಅದರ ಜಾಗ ಉಳಿಯಿತು. ಪ್ರಿಂಟರ್ ಅನ್ನು ಕಾಕಾ ರಾತ್ರಿ ಆರಿಸಿ ಹೋಗುತ್ತಾರೆ, ಒಂಬತ್ತೂವರೆಗೆ ಹಚ್ಚುತ್ತಾರೆ. ಅಷ್ಟರೊಳಗೆ ಖಾಲಿ ಕಂಡ ಇಪ್ಪತ್ತನ್ನು ರೌಟರ್ ಕೊಟ್ಟುಬಿಟ್ಟಿತ್ತು. ಆ ದಿನ ಯುಎಸ್‌ಬಿ ವೈರ್ ಹಾಕಿ ಒಂಬತ್ತು ಜನರ ಅರ್ಜಿ ತೆಗೆದುಕೊಟ್ಟೆ. ಯಾರದೂ ತಪ್ಪಲಿಲ್ಲ. ಆದರೆ ಸಾಲಿನ ಕೊನೆಯಲ್ಲಿ ನಿಂತಿದ್ದ, ಕುಷ್ಟಗಿ ಕಡೆಯ ಹುಡುಗ ಗಡಿಯಾರ ನೋಡುತ್ತಿದ್ದ ರೀತಿ ಇನ್ನೂ ನೆನಪಿದೆ.

ಅಂದೇ ರಾತ್ರಿ ಮೊದಲು ಕಾಗದದ ಮೇಲೆ ಬರೆದೆ, ಆಮೇಲೆ ರೌಟರ್ ಮುಟ್ಟಿದೆ. 2ರಿಂದ 49ರವರೆಗೆ ಹಂಚಬಾರದು, ಅದು ಪ್ರಿಂಟರ್, ಕ್ಯಾಮೆರಾದಂಥ ನಮ್ಮ ಸಾಮಾನಿಗೆ. 50ರಿಂದ 249ರವರೆಗೆ ಬಂದವರಿಗೆ, ಸರಿಯಾಗಿ ಇನ್ನೂರು. 250ರ ಮೇಲಿನದು ನನಗೆ ಬೇಕಾದಾಗ ಪ್ರಯೋಗಕ್ಕೆ. ಇನ್ನೂರು ಇದ್ದರೆ ಇಪ್ಪತ್ನಾಲ್ಕು ಗಂಟೆಯ ಲೀಸೂ ನಡೆಯುತ್ತಿತ್ತು; ಎಂಬತ್ತೇಳು ಸಲಕರಣೆಗೆ ಸಾಕು. ಆದರೆ ಭಾನುವಾರ ಒಂದು ದಿನದ ಪಾಸ್ ತಗೊಂಡು ಹೊಸಬರು ಬರುತ್ತಾರೆ, ಒಬ್ಬೊಬ್ಬರು ಫೋನಿನ ಸೆಟ್ಟಿಂಗ್‌ನಲ್ಲಿ ತಾತ್ಕಾಲಿಕ ಮ್ಯಾಕ್, ಫೋನಿನ ಸ್ವಂತ ಮ್ಯಾಕ್ ಎಂದು ಬದಲಿಸಿ ನೋಡುತ್ತಾರೆ. ನೆಟ್ ಹತ್ತದ ದಿನಗಳಲ್ಲಿ ಯಾರೋ ಈ ಉಪಾಯ ಹೇಳಿಕೊಟ್ಟಿದ್ದರು. ರೌಟರ್‌ಗೆ ಮ್ಯಾಕ್ ಬೇರೆಯಾದರೆ ಆಳೇ ಬೇರೆ, ಒಂದೇ ಫೋನು ಎರಡು ವಿಳಾಸ ಹಿಡಿದು ಕೂರುತ್ತದೆ. ಆ ಉಪಾಯ ಮೊದಲಿನ ಐವತ್ತನ್ನು ಇನ್ನೂ ಬೇಗ ತಿಂದಿತ್ತು. ಆದ್ದರಿಂದ ನಾಲ್ಕು ಗಂಟೆಯನ್ನೇ ಉಳಿಸಿದೆ. ನಾಲ್ಕು ಗಂಟೆ ಎಂದರೆ ಓದುತ್ತ ಕೂತವರ ನೆಟ್ ನಡುವೆ ಕಡಿಯುತ್ತದೆ ಎಂದಲ್ಲ. ಲೀಸ್‌ನ ಅರ್ಧ ಕಳೆದಾಗ, ಅಂದರೆ ಎರಡು ಗಂಟೆಗೆ, ಫೋನು ತಾನೇ ಹೋಗಿ ನವೀಕರಿಸಿಕೊಂಡು ಬರುತ್ತದೆ. ಆಗ ಉತ್ತರ ಸಿಗದಿದ್ದರೂ ಕೇಳುತ್ತಲೇ ಇರುತ್ತದೆ. ಎಂಟರಲ್ಲಿ ಏಳು ಭಾಗ ಮುಗಿದ ಮೇಲೆ ಯಾವ ಸರ್ವರ್ ಆದರೂ ಸರಿ ಎಂದು ಮತ್ತೆ ಎಲ್ಲರಿಗೂ ಕೂಗುತ್ತದೆ. ಕೂತವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ.

ಈ ಅರ್ಧ, ಈ ಎಂಟರಲ್ಲಿ ಏಳು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋಗಿ ಆರ್‌ಎಫ್‌ಸಿ 2131 ಎಂಬ, ಡಿಎಚ್‌ಸಿಪಿಯ ನಿಯಮಗಳನ್ನು ಬರೆದಿಟ್ಟ ದಾಖಲೆಯನ್ನು ಓದಿದೆ. 1997ರ ಮಾರ್ಚ್‌ನಲ್ಲಿ ಬಂದದ್ದು, ಬರೆದವರು ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್. ಅದಕ್ಕೂ ಮೊದಲು 1985ರಲ್ಲಿ ಬೂಟ್‌ಪಿ ಎಂಬುದಿತ್ತು. ಅದರಲ್ಲಿ ಯಾವ ಯಂತ್ರಕ್ಕೆ ಯಾವ ವಿಳಾಸ ಎಂದು ಯಾರಾದರೂ ಮೊದಲೇ ಬರೆದಿಡಬೇಕಾಗಿತ್ತು. ವಿಳಾಸವನ್ನು ಇಷ್ಟು ಹೊತ್ತಿಗೆ ಎಂದು ಕೊಟ್ಟು ಮತ್ತೆ ವಾಪಸ್ ಪಡೆದು ಇನ್ನೊಬ್ಬರಿಗೆ ಕೊಡುವ ಏರ್ಪಾಡು ಡಿಎಚ್‌ಸಿಪಿಯೊಂದಿಗೆ ಬಂತು. ನಮ್ಮ ಸೀಟಿನ ರಜಿಸ್ಟರ್ ಮಾಡುವುದೂ ಅದನ್ನೇ. ಹದಿನಾರನೇ ಸೀಟು ಬೆಳಿಗ್ಗೆ ಒಬ್ಬರದು, ಮಧ್ಯಾಹ್ನ ಇನ್ನೊಬ್ಬರದು. ಆ ದಾಖಲೆ ಓದುವಾಗ ನನಗೆ ಐದು ಅಂಕದ ಪ್ರಶ್ನೆ ನೆನಪಾಗಿ, ಇದನ್ನು ಯಾರಾದರೂ ಕ್ಲಾಸಿನಲ್ಲಿ ಒಂದು ರೌಟರ್ ಮುಂದಿಟ್ಟು ತೋರಿಸಿದ್ದರೆ ಎಂದು ತುಂಬಾ ಅನಿಸಿತು.

ಪ್ರಿಂಟರ್‌ಗೆ ಮತ್ತೆ ಕೈಯಿಂದ ವಿಳಾಸ ಬರೆಯಲಿಲ್ಲ. ಅದರ ಮೆನುವಿನಲ್ಲಿ ಆಟೋಮ್ಯಾಟಿಕ್ ಎಂದು ಮಾಡಿ, ಅದರದೇ ಕಾನ್ಫಿಗರೇಶನ್ ಪುಟ ಪ್ರಿಂಟ್ ತೆಗೆದು ಮ್ಯಾಕ್ ನೋಡಿ, ರೌಟರ್‌ನ ಅಡ್ರೆಸ್ ರಿಸರ್ವೇಶನ್ ಪುಟದಲ್ಲಿ ಈ ಮ್ಯಾಕ್ ಬಂದರೆ 20 ಕೊಡು ಎಂದು ಬರೆದೆ. ಕ್ಯಾಮೆರಾಕ್ಕೆ 21, ಆಫೀಸ್ ಕಂಪ್ಯೂಟರ್‌ಗೆ 10. ಆ ವಿಳಾಸಗಳು ಹಂಚಿಕೆಯ ಸಾಲಿನ ಹೊರಗಿದ್ದರೂ ನಮ್ಮ ರೌಟರ್ ಒಪ್ಪಿತು. ಕೆಲವು ರೌಟರ್‌ಗಳು ಸಾಲಿನ ಒಳಗೇ ಇರಬೇಕೆನ್ನುತ್ತವೆ. ಇದರ ಲಾಭ ಏನೆಂದರೆ ಲೆಕ್ಕ ಒಂದೇ ಕಡೆ ಇರುತ್ತದೆ. ನಾಳೆ ರೌಟರ್ ಬದಲಾಯಿಸಿದರೂ ಆ ಒಂದು ಪುಟ ಹೊಸದರಲ್ಲಿ ಬರೆದರೆ ಮುಗಿಯಿತು. ಪ್ರಿಂಟರ್‌ನ ಹೊಟ್ಟೆಯೊಳಗೆ ಯಾವ ಕಾಲದ ಅಂಕಿ ಇದೆ ಎಂದು ಹುಡುಕಬೇಕಿಲ್ಲ. ಆಡಳಿತದ ಪಾಸ್‌ವರ್ಡನ್ನೂ ಬದಲಾಯಿಸಿದೆ. ಡಬ್ಬಿಯ ಮೇಲಿನ ಚೀಟಿ ಯಾರು ಬೇಕಾದರೂ ಓದುವಂತಿತ್ತು.

ಇನ್ನೊಂದು ಪೆಟ್ಟು ಬಾಕಿ ಇತ್ತು. ಹದಿನೈದು ದಿನದ ಮೇಲೆ ಮೇಲಿನ ಕೋಣೆಗೆ ಸುಣ್ಣ ಹೊಡೆಸಿದರು. ಗೋಡೆಯ ರೌಟರ್ ಇಳಿಸಿ ಮತ್ತೆ ಏರಿಸಿದರು. ಅಂದು ಸಂಜೆ ಕೆಳಗೆ, ಮೇಲೆ, ಎರಡೂ ಕಡೆ ಕೆಲವರಿಗೆ ನೆಟ್ ಇದೆ, ಕೆಲವರಿಗೆ ಇಲ್ಲ. ಪಕ್ಕಪಕ್ಕದ ಸೀಟಿನಲ್ಲಿ ಒಬ್ಬರಿಗೆ ಇದೆ, ಇನ್ನೊಬ್ಬರಿಗೆ ಇಲ್ಲ. ಈ ಸಲ ವಿಳಾಸ ಸಿಗದೆ ಇರುವುದಲ್ಲ. ನೆಟ್ ಇಲ್ಲದವರ ಫೋನಿನಲ್ಲೂ ವಿಳಾಸ ಇತ್ತು: 192.168.0.105, 192.168.0.112. ನಮ್ಮದು 192.168.1. ಸೊನ್ನೆ ಎಲ್ಲಿಂದ ಬಂತು?

ನನ್ನ ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕಿನಲ್ಲಿ ಓಡಾಡುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ಹಾಕಿ, ಡಿಎಚ್‌ಸಿಪಿ ಎಂದು ಸೋಸಿ, ವೈಫೈ ಆರಿಸಿ ಹಚ್ಚಿದೆ. ಬಾಯಿಪಾಠ ಮಾಡಿದ ನಾಲ್ಕು ಶಬ್ದಗಳು ಪರದೆಯ ಮೇಲೆ ಒಂದರ ಕೆಳಗೊಂದು ಬಂದವು. ಮೊದಲ ಸಾಲು ಡಿಸ್ಕವರ್, 0.0.0.0ರಿಂದ 255.255.255.255ಕ್ಕೆ: ಹೆಸರಿಲ್ಲದವನು ಎಲ್ಲರಿಗೂ ಕೂಗಿದ್ದು. ಅದರ ಕೆಳಗೆ ಆಫರ್, 192.168.0.1ರಿಂದ. ಸ್ವಲ್ಪ ತಡೆದು ಇನ್ನೊಂದು ಆಫರ್, 192.168.1.1ರಿಂದ. ಒಂದು ಕೂಗಿಗೆ ಎರಡು ಉತ್ತರ. ನನ್ನ ಲ್ಯಾಪ್‌ಟಾಪ್ ಮೊದಲು ಬಂದದ್ದನ್ನೇ ಹಿಡಿಯಿತು. ಕೆಳಗಿನ ದೊಡ್ಡ ರೌಟರ್ ಪಿಂಗ್ ಮಾಡಿ ನೋಡಿ ಕೊಡುವುದರಿಂದ ತಡ, ಮೇಲಿನದು ನೋಡದೆ ಕೊಡುವುದರಿಂದ ಬೇಗ.

ಮೇಲೆ ಹೋಗಿ ನೋಡಿದರೆ, ಕೆಳಗಿನಿಂದ ಬಂದ ವೈರ್ ನೀಲಿ ತೂತಿನಲ್ಲಿರಬೇಕಿತ್ತು, ಹಳದಿಯಲ್ಲಿತ್ತು. ನೀಲಿ ಎಂದರೆ ವ್ಯಾನ್, ಹೊರಗಿನ ಕಡೆ. ಹಳದಿ ಲ್ಯಾನ್, ಒಳಗಿನ ಕಡೆ. ಹಳದಿಗೆ ಹಾಕಿದ್ದರಿಂದ ಎರಡೂ ರೌಟರ್ ಒಂದೇ ಅಂಗಳಕ್ಕೆ ಬಂದು, ಎರಡೂ ವಿಳಾಸ ಹಂಚಲು ನಿಂತಿದ್ದವು. ಮೇಲಿನದು ಕೊಟ್ಟ ವಿಳಾಸದ ಜೊತೆ ಗೇಟ್‌ವೇ ತಾನೇ ಎಂದು ಹೇಳುತ್ತಿತ್ತು, ಅದರ ಹೊರಗಿನ ತೂತು ಮಾತ್ರ ಖಾಲಿ.

ವೈರನ್ನು ನೀಲಿಗೆ ಬದಲಾಯಿಸಿದರೆ ಹಳೆಯ ಸ್ಥಿತಿಗೆ ಬರುತ್ತಿತ್ತು. ಆದರೆ ಹಳೆಯ ಸ್ಥಿತಿಯಲ್ಲೂ ಒಂದು ಕೊರತೆ ನನ್ನನ್ನು ಕಾಡುತ್ತಿತ್ತು. ಮೇಲಿನ ಕೋಣೆ ಹೆಣ್ಣುಮಕ್ಕಳದು. ಅವರ ಫೋನುಗಳು ಬೇರೆ ಸಾಲಿನಲ್ಲಿದ್ದುದರಿಂದ ಕೆಳಗಿನ ಪ್ರಿಂಟರ್ ಅವಕ್ಕೆ ಕಾಣುತ್ತಿರಲಿಲ್ಲ. ಆಧಾರ್, ಅಂಕಪಟ್ಟಿ, ಹಾಲ್ ಟಿಕೆಟ್ ಎಲ್ಲವನ್ನೂ ಆಫೀಸಿನ ವಾಟ್ಸ್ಆ್ಯಪ್ ನಂಬರ್‌ಗೆ ಕಳಿಸಿ ಪ್ರಿಂಟ್ ಪಡೆಯುತ್ತಿದ್ದರು. ಆ ಕಾಗದಗಳೆಲ್ಲ ಆಫೀಸಿನ ಫೋನಿನಲ್ಲಿ ಉಳಿಯುವುದು ನನಗೆ ಸರಿ ಕಾಣುತ್ತಿರಲಿಲ್ಲ. ಆದ್ದರಿಂದ ಹಳದಿ ತೂತಿನಲ್ಲೇ ಇಟ್ಟು, ಮೇಲಿನ ರೌಟರ್ ಹಂಚುವ ಕೆಲಸ ಬಿಟ್ಟು ಬರೀ ವೈಫೈ ಬಿಡುವಂತೆ ಮಾಡಲು ನಿರ್ಧರಿಸಿದೆ.

ಇಲ್ಲಿ ಕ್ರಮ ಮುಖ್ಯ. ಮೊದಲು ಕೆಳಗಿನ ವೈರ್ ಕಿತ್ತೆ. ಮೇಲಿನ ರೌಟರ್‌ಗೆ ನನ್ನ ಲ್ಯಾಪ್‌ಟಾಪ್ ಒಂದನ್ನೇ ವೈರ್‌ನಿಂದ ಕೂಡಿಸಿ 192.168.0.1 ತೆರೆದೆ. ಮೊದಲ ಬದಲಾವಣೆ ಅದರ ಸ್ವಂತ ವಿಳಾಸ: 192.168.1.2. ಅದು ಎದ್ದು ಕೂತ ಮೇಲೆ ವೈರ್ ತೆಗೆದು ಹಾಕಿ, ಹೊಸ ವಿಳಾಸದಿಂದ ಒಳಗೆ ಹೋಗಿ, ಆಮೇಲೆ ಡಿಎಚ್‌ಸಿಪಿ ಸರ್ವರ್ ಎಂಬಲ್ಲಿ ಡಿಸೇಬಲ್. ಮೊದಲೇ ಡಿಸೇಬಲ್ ಒತ್ತಿದ್ದರೆ ನನ್ನ ಲ್ಯಾಪ್‌ಟಾಪ್‌ಗೆ ವಿಳಾಸ ಕೊಡುವವರಿಲ್ಲದೆ, ಕೈಯಿಂದ ವಿಳಾಸ ಹಾಕಿಕೊಂಡು ಒಳಗೆ ಹೋಗಬೇಕಾಗುತ್ತಿತ್ತು. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದನ್ನೇ ಕೊಟ್ಟೆ. ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರದಂತೆ ಚಾನೆಲ್ ಮಾತ್ರ ಕೆಳಗೆ 1, ಮೇಲೆ 11. ಕೊನೆಗೆ ಕೆಳಗಿನ ವೈರ್ ಹಳದಿಗೆ ಹಾಕಿ, ನೀಲಿ ತೂತಿನ ಮೇಲೆ ಬಿಳಿ ಟೇಪ್ ಅಂಟಿಸಿದೆ. ತಪ್ಪು ವಿಳಾಸ ಹಿಡಿದ ಫೋನುಗಳಿಗೆಲ್ಲ ಒಂದು ಸಲ ವೈಫೈ ಆರಿಸಿ ಹಚ್ಚಲು ಹೇಳಿದೆ. ವೈರ್‌ಶಾರ್ಕ್‌ನಲ್ಲಿ ಮತ್ತೆ ನೋಡಿದೆ: ಒಂದು ಡಿಸ್ಕವರ್, ಒಂದೇ ಆಫರ್.

ಈಗ ರಜಿಸ್ಟರ್‌ನ ಕೊನೆಯ ಪುಟದಲ್ಲಿ ಕಾಕಾ ತಮ್ಮ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದಾರೆ: 1 ರೌಟರ್, 2 ಮ್ಯಾಲಿನ ರೌಟರ್, 10 ಕಂಪ್ಯೂಟರ್, 20 ಪ್ರಿಂಟರ್, 21 ಕ್ಯಾಮೆರಾ, 50ರಿಂದ 249 ಹುಡುಗೂರಿಗೆ. ಹೊಸದಾಗಿ ಏನು ಬಂದರೂ ಮೊದಲು ಅಲ್ಲಿ ಬರೆದು ಆಮೇಲೆ ರೌಟರ್‌ನಲ್ಲಿ ಹಾಕುತ್ತೇನೆ.

ಮಧ್ಯಾಹ್ನದ ಪಾಳಿಯವರಿಗೆ ನಾನೇ ಹೋಗಿ ಹೇಳಿದೆ, ಐವತ್ತರ ಲೆಕ್ಕ, ಇಪ್ಪತ್ನಾಲ್ಕು ಗಂಟೆಯ ಲೆಕ್ಕ, ಆ ಆರು ದಿನದ ಪುಟ ತೋರಿಸಿ. ಇಪ್ಪತ್ತೇಳನೇ ಸೀಟಿನವಳು ಪುಟವನ್ನು ತನ್ನ ಕಡೆ ತಿರುಗಿಸಿಕೊಂಡು ಪೂರ್ತಿ ಓದಿದಳು. ಏನೂ ಹೇಳಲಿಲ್ಲ. ಮರುದಿನ ಎರಡೂವರೆಗೆ ಮೇಜಿನ ಬಳಿ ಬಂದಾಗ ನನಗೆ ಮತ್ತೆ ಎದೆ ಧಸಕ್ಕೆಂದಿತು. ಫೋನು ಮುಂದೆ ಹಿಡಿದಳು. ವೈಫೈ ಹೆಸರಿನ ಕೆಳಗೆ ವಿವರಗಳ ಪುಟ ತಾನೇ ಹುಡುಕಿ ತೆರೆದಿದ್ದಳು.

"ಅಕ್ಕಾ, ನಂದು 137 ಐತ್ರಿ. ಕಾಕಾರಿಗೆ ಹೇಳ್ರಿ, ಬಂತು ಅಂತ."

ಕಾಕಾ ಬಾಗಿಲ ಬಳಿ ಚಹಾ ಕುಡಿಯುತ್ತ ನಿಂತಿದ್ದರು, ಅವರಿಗೂ ಕೇಳಿಸಿತು.